‘ಖಾಲಿ ಗೂಟ’ದ ವಿಮರ್ಶೆ

ನಮ್ಮೂರಿನ ವಾರಪತ್ರಿಕೆಗೆ ಹಾಡಿನ ವಿಮರ್ಶೆ ಬರೆಯಲು ಸೇರಿದ ದಿನ ಸಂಪಾದಕ ಬಸಲಿಂಗಯ್ಯನವರು ನನಗೆ ಕಲಿಸಿದ್ದು ಒಂದೇ ಶಬ್ದ. ಪರವಾಗಿಲ್ಲ. ಯಾರೇ ಹಾಡಲಿ, ಹೇಗೇ ಹಾಡಲಿ, ಅದು ಬಿಟ್ಟುಹೋದವರ ಮೇಲೆ ಕಟ್ಟಿದ ಹಾಡಾದರೆ ಪರವಾಗಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬೇಕು. ನನಗಿಂತ ಮುಂಚೆ ಆ ಕೆಲಸದಲ್ಲಿದ್ದವರು ಇಪ್ಪತ್ತಾರು ವರ್ಷ ಅದೊಂದೇ ಶಬ್ದದ ಮೇಲೆ ಸಂಸಾರ ನಡೆಸಿ, ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿ ನಿವೃತ್ತಳಾದವಳು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಆ ಶಬ್ದ ಬರೆಯುವಾಗೆಲ್ಲ ಮೈ ಉರಿಯುತ್ತಿತ್ತು. ಆದರೂ ನಾಲ್ಕು ವರ್ಷ ಬರೆದೆ, ಯಾಕೆಂದರೆ ನನಗೆ ಹೆದರಿಕೆಯಿತ್ತು.

ನಮ್ಮೂರಲ್ಲಿ ಅಂಥ ಹಾಡನ್ನು ಯಾರಾದರೂ ಅಚ್ಚಿನಲ್ಲಿ ಹೊಗಳಿದರೆ, ಬಿಟ್ಟುಹೋದವರ ಕಾಲುಗಳು ಹಾಡಿದವರ ಮನೆಯ ಕಡೆಗೆ ಹೊರಡುತ್ತವೆ. ಮನಸ್ಸು ಎಲ್ಲಿದ್ದರೂ ಕಾಲು ಹೊರಡುತ್ತವೆ. ಹೊಸ್ತಿಲಿಗೆ ಹೋಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಅವರವರ ಇಷ್ಟ ಎಂದು ಹೇಳುತ್ತಾರೆ, ಆದರೆ ಹಾಗೆ ಹೋಗಿ ತಿರುಗಿ ಬಂದವರನ್ನು ನಾನು ಕಂಡಿರಲಿಲ್ಲ. ಅಷ್ಟು ದೂರ ನಡೆದು ದಣಿದು, ಎದುರಿಗೆ ಬಾಗಿಲು ತೆರೆದಿರುವಾಗ, ಓಣಿಯ ಜನವೆಲ್ಲ ನೋಡುತ್ತ ನಿಂತಿರುವಾಗ ಯಾರು ತಾನೇ ಬೆನ್ನು ತಿರುಗಿಸುತ್ತಾರೆ? ಊರು ಬಿಟ್ಟು ಎಂಟು ದಿನದ ದಾರಿ ಹೋದವರೂ ನಡೆದೇ ವಾಪಸು ಬಂದಿದ್ದಾರೆ. ಬಳೆ ಅಂಗಡಿಯವರು ಒಮ್ಮೆ ಮಗಳನ್ನು ಕಂಬಕ್ಕೆ ಕಟ್ಟಿ ನೋಡಿದರು. ಕಟ್ಟಿದಲ್ಲೇ ಅವಳ ಕಾಲು ನಡೆದು ನಡೆದು ಪಾದದ ಚರ್ಮ ಎದ್ದುಹೋಯಿತು. ಆಮೇಲೆ ಯಾರೂ ಕಟ್ಟುವ ಗೋಜಿಗೆ ಹೋಗಿಲ್ಲ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಹುಡುಗಿಯ ಹಿಂದೆ ಹಾಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಾರೆ. ಸತ್ತವರ ಮೇಲೆ ಹಾಡು ಕಟ್ಟುವುದನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಒಮ್ಮೆ ಮಾಡಿದ್ದರು.

ಹೀಗೆಲ್ಲ ಇದ್ದರೂ ಊರಿನ ಮಂದಿಗೆ ಇದು ಕೆಟ್ಟದ್ದೆಂದು ಅನ್ನಿಸಿರಲಿಲ್ಲ. ಅಪರೂಪಕ್ಕೆ ಯಾವುದೋ ಓದುಗರ ಪತ್ರ ಹಾಡನ್ನು ಹೊಗಳಿ, ಗುರುವಾರ ಬೆಳಗ್ಗೆ ಪತ್ರಿಕೆ ಬಂದ ಮೇಲೆ ಯಾರಾದರೂ ಹಾಗೆ ನಡೆದು ಹೊರಟರೆ ಹೆಂಗಸರು ಅವರ ಮುಂದೆ ನೀರು ಚಿಮುಕಿಸಿ ದಾರಿ ಮಾಡುತ್ತಿದ್ದರು. ಮುರಿದ ಮನೆ ಕೂಡಿತು ಎಂದು ಸಂತೋಷಪಡುತ್ತಿದ್ದರು. ನಡೆಯುವವರ ಮುಖವನ್ನು ಯಾರು ನೋಡುತ್ತಿದ್ದರೋ ಗೊತ್ತಿಲ್ಲ. ನಾನಂತೂ ನೋಡಿರಲಿಲ್ಲ.

ಇಂದುಧರ ‘ಖಾಲಿ ಗೂಟ’ವನ್ನು ಹೊರತಂದದ್ದು ಹೋದ ವರ್ಷ. ಯಾವ ಕಂಪನಿಯ ಹಂಗೂ ಇಲ್ಲದೆ, ಸುಣ್ಣದ ಓಣಿಯ ತನ್ನ ಮನೆಯಲ್ಲೇ ತಾನೇ ಹಾಡಿ, ತಾನೇ ರೆಕಾರ್ಡ್ ಮಾಡಿ, ತಾನೇ ಕೂತು ಸಿ.ಡಿ.ಗಳ ಮೇಲೆ ಕಾಗದ ಅಂಟಿಸಿದ್ದ. ಒಟ್ಟು ಒಂಬತ್ತು ಹಾಡು. ಬಿಟ್ಟುಹೋದ ಹೆಂಡತಿಯ ಕೈಚೀಲ ನೇತುಹಾಕುತ್ತಿದ್ದ ಗೂಟ ಈಗ ಖಾಲಿ ಎನ್ನುವುದರಿಂದ ಆ ಹೆಸರು. ಕಂಡರೆ ಕೈಮುಗಿಯುವ, ಮೆಲ್ಲಗೆ ಮಾತಾಡುವ, ಬಿಳಿ ಅಂಗಿಯ ಮನುಷ್ಯ. ಸಿ.ಡಿ.ಯನ್ನು ಅವನೇ ನನ್ನ ಮನೆಗೆ ತಂದುಕೊಟ್ಟ. ಒಳಗೆ ಕರೆದರೂ ಬರಲಿಲ್ಲ.

ಅದೇ ದಿನ ಮಧ್ಯಾಹ್ನ ದಾಕ್ಷಾಯಣಿ ಬಂದಳು. ಅವಳೇ ಆ ಹೆಂಡತಿ. ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು, ಈಗ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ. ಅವನನ್ನು ಬಿಟ್ಟು ಬಂದು ಎಂಟು ತಿಂಗಳಾಗಿತ್ತು. ಊಟದ ಹೊತ್ತಿನ ಬಿಡುವಿನಲ್ಲಿ ಓಡಿ ಬಂದಿದ್ದಳು.

“ಅಕ್ಕೋರ, ನಿಮ್ಮ ಕಾಲಿಗೆ ಬೀಳ್ತೀನ್ರಿ. ಚಲೋ ಐತಿ ಅಂತ ಮಾತ್ರ ಬರೀಬ್ಯಾಡ್ರಿ.”

“ನಾ ಯಾವಾಗ ಬರದೇನವಾ? ಪರವಾಗಿಲ್ಲ ಅಂತನ ಬರ್ಯೂದು. ಯಾಕ, ಹೊಡೀತಿದ್ನೇನು ನಿನ್ನ?”

“ಇಲ್ರಿ. ಒಂದ ದಿನಾನೂ ಕೈ ಎತ್ತಿಲ್ಲ.” ಅವಳು ಗೋಡೆಗೆ ಒರಗಿ ಕೂತಳು. “ಹಾಡ ಕಟ್ಟೂ ಹೊತ್ತಿನ್ಯಾಗ ನನ್ನ ಅಡಗಿಮನ್ಯಾಗ ಇಟ್ಟು ಹೊರಗಿಂದ ಚಿಲಕಾ ಹಾಕ್ತಿದ್ದ. ನಾ ಒಳಗ ಅತ್ತು ಕರದ್ರ, ಬಾಗಿಲ ಆಚೀ ಕಡೆ ಕುಂತು ಅಂವಾನೂ ಅಳ್ತಿದ್ದ. ಅಳ್ಕೋತನ ಬರೀತಿದ್ದ, ಹಾಡಿ ರೆಕಾರ್ಡ ಮಾಡ್ಕೋತಿದ್ದ. ಕಡೀ ಸಲ ಹನ್ನೊಂದ ದಿನ ಇಟ್ಟಿದ್ದ್ರಿ. ಅಂವಗ ನನ್ನ ಮ್ಯಾಲೆ ಪ್ರೀತಿ ಇಲ್ಲಂತ ನಾ ಹ್ಯಾಂಗ ಅನ್ಲಿ? ಅಂವನ ಕಣ್ಣೀರು ಖರೇನ ಇದ್ವು. ಅದಕ್ಕs ನನಗ ಅಂಜಿಕಿ.”

ನಾನು ಅವಳಿಗೆ ಅನ್ನ ಹಾಕಿದೆ. ಎರಡು ತುತ್ತು ತಿಂದು ಕೈ ತೊಳೆದು ಅಂಗಡಿಗೆ ಓಡಿದಳು.

ಅವಳು ಹೋದ ಮೇಲೆ ರಾತ್ರಿಯ ಅಡುಗೆಗೆ ಅಕ್ಕಿ ಇಟ್ಟು ಸಿ.ಡಿ. ಹಾಕಿದೆ. ಕೇಳಿದಾಗ ನನಗೆ ಏನಾಯಿತೆಂದು ಇಲ್ಲಿ ಬರೆಯುವ ಹಾಗಿಲ್ಲ. ಇದೂ ಅಚ್ಚಾಗುವ ಬರಹವೇ. ಅನ್ನ ಹೊತ್ತಿ ಪಾತ್ರೆ ಕರಿಯಾಯಿತು ಎಂದಷ್ಟು ಹೇಳುತ್ತೇನೆ. ಆರನೆಯ ಹಾಡಿನ ಕೊನೆಗೆ ಒಂದು ಚಿಲಕದ ಸದ್ದಿತ್ತು. ಹಾಡು ನಿಂತು, ಒಂದು ಉಸಿರು, ಆಮೇಲೆ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು. ದಾಕ್ಷಾಯಣಿಯ ಮಾತು ಕೇಳದವರು ಅದನ್ನು ಹೆಂಡತಿ ಬಾಗಿಲೆಳೆದುಕೊಂಡು ಹೋದಳು ಎಂದೇ ತಿಳಿಯುತ್ತಾರೆ. ನಾನು ಮಾತ್ರ ಆ ಸದ್ದನ್ನು ಮೂರು ಸಲ ಹಿಂದಕ್ಕೆ ಹಾಕಿ ಕೇಳಿದೆ.

ಇಲ್ಲಿಯೇ ನಾನು ತಪ್ಪು ಮಾಡಿದ್ದು. ಸುಮ್ಮನೆ ಪರವಾಗಿಲ್ಲ ಎಂದು ಬರೆದಿದ್ದರೆ ಆಗಿಹೋಗುತ್ತಿತ್ತು. ನಾಲ್ಕು ಮಂದಿ ಕೇಳಿ, ನಾಲ್ಕು ದಿನಕ್ಕೆ ಮರೆತು ಹೋಗುತ್ತಿದ್ದರು. ಆದರೆ ನನ್ನ ಅಂಜಿಕೆಗೆ ಅಷ್ಟು ಸಾಲಲಿಲ್ಲ. ಆ ಹಾಡುಗಳನ್ನು ಯಾರೂ ಕೇಳದ ಹಾಗೆ ಹೂತುಬಿಡಬೇಕು ಎನ್ನಿಸಿತು. ಪೂರ್ತಿ ಒಂದು ಪುಟ ಬರೆದೆ. ಶ್ರುತಿಯಿಲ್ಲ ಎಂದೆ, ಭಾವವಿಲ್ಲ ಎಂದೆ, ಬೆಕ್ಕಿನ ಬಾಲ ತುಳಿದ ಹಾಗಿದೆ ಎಂದೆ. ಇಂಥವನು ಹಾಡುವುದಕ್ಕಿಂತ ಸುಣ್ಣ ಬಳಿಯುವುದು ಲೇಸು ಎಂದು ಮುಗಿಸಿದೆ. ಅದರಲ್ಲಿ ಒಂದು ಸಾಲೂ ನಿಜವಿರಲಿಲ್ಲ. ಬಸಲಿಂಗಯ್ಯನವರು ಕನ್ನಡಕದ ಮೇಲಿಂದ ನೋಡಿ, “ಇಷ್ಟ್ಯಾಕ್ರೀ ಸಿಟ್ಟು?” ಎಂದರು. ಅಚ್ಚು ಮಾಡಿದರು.

ಆ ಗುರುವಾರ ದಾಕ್ಷಾಯಣಿಯ ಕಾಲು ಕದಲಲಿಲ್ಲ. ನಾನು ನೆಮ್ಮದಿಯಿಂದ ಎರಡು ಲೋಟ ಚಹಾ ಕುಡಿದೆ. ಆದರೆ ನಾಲ್ಕು ವರ್ಷ ಪರವಾಗಿಲ್ಲ ಎಂದವಳು ಒಮ್ಮೆಲೇ ಒಂದು ಪುಟ ಬೈದರೆ ಊರು ಸುಮ್ಮನಿರುತ್ತದೆಯೇ? ಅಂಥದ್ದೇನಿದೆ ನೋಡೋಣ ಎಂದು ಎಲ್ಲರೂ ಸಿ.ಡಿ. ಕೊಂಡರು. ಶನಿವಾರದ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲಿ ಹೋದರೂ ಆ ಒಂಬತ್ತು ಹಾಡು. ಪಾಪದ ಹುಡುಗ, ಹೆಂಡತಿ ಬಿಟ್ಟು ಹೋದ ಗಾಯದ ಮೇಲೆ ಈ ಮುದುಕಿ ಬರೆ ಎಳೆದಳು ಎಂದು ಮಂದಿ ನನ್ನನ್ನು ಬೈದರು. ಬೈದು ಸುಮ್ಮನಾಗಲಿಲ್ಲ, ಹಾಡುಗಳನ್ನು ಹೊಗಳಿ ಪತ್ರಿಕೆಗೆ ಪತ್ರ ಬರೆದರು. ಬುಧವಾರ ನಾನು ಕಚೇರಿಗೆ ಹೋದಾಗ ಬಸಲಿಂಗಯ್ಯನವರ ಮೇಜಿನ ಮೇಲೆ ಮೂವತ್ತೊಂದು ಪತ್ರಗಳಿದ್ದವು.

“ಇವನ್ನ ಹಾಕಬ್ಯಾಡ್ರಿ,” ಎಂದೆ.

“ಓದುಗರ ಪತ್ರ ಹಾಕದs ಇರಾಕ ಬರಂಗಿಲ್ರೀ ಅಕ್ಕೋರ. ನಮ್ಮಪ್ಪನ ಕಾಲದಿಂದ ಒಂದೂ ಬಿಟ್ಟಿಲ್ಲ. ಹೊಲಸು ಬೈದಿದ್ದೂ ಹಾಕೇವಿ.”

ದಾಕ್ಷಾಯಣಿ ಹೇಳಿದ್ದನ್ನೆಲ್ಲ ಅವರ ಮುಂದೆ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಗಂಡ ಹೆಂಡ್ತಿ ಮಾತು,” ಎಂದರು. “ಅದರಾಗ ನಾವು ಹ್ಯಾಂಗ ಹೋಗೂದು?” ಅಚ್ಚಿನ ಮೊಳೆ ಜೋಡಿಸುವವರು ಆಗಲೇ ಕೆಲಸಕ್ಕೆ ಕೂತಿದ್ದರು. ಆ ಪತ್ರಗಳಲ್ಲಿ ಏನಿತ್ತೆಂದು ಇಲ್ಲಿ ಮತ್ತೊಮ್ಮೆ ಅಚ್ಚು ಮಾಡಿಸುವ ಧೈರ್ಯ ನನಗಿಲ್ಲ. ಹದಿನಾಲ್ಕು ಮಂದಿ ಆ ಚಿಲಕದ ಸದ್ದಿನ ಬಗ್ಗೆ ಬರೆದಿದ್ದರು.

ಗುರುವಾರ ಬೆಳಗಾಗುತ್ತಲೇ ದಾಕ್ಷಾಯಣಿ ಬಾಡಿಗೆಗಿದ್ದ ಕೋಣೆಗೆ ಹೋದೆ. ಅವಳು ತಲೆ ಬಾಚಿಕೊಂಡು, ಚಪ್ಪಲಿ ಹಾಕಿಕೊಂಡು, ಹಾಸಿಗೆಯ ಅಂಚಿಗೆ ಕೂತಿದ್ದಳು. ಹೇಗೂ ಹೋಗುವುದಾದರೆ ಬರಿಗಾಲಲ್ಲಿ ಯಾಕೆ ಹೋಗಬೇಕು ಎಂದಳು. ಅವಳ ಎರಡೂ ಮೊಣಕಾಲನ್ನು ನಾನು ಒತ್ತಿ ಹಿಡಿದೆ, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ. ಹೊರಗೆ ಯಾರದೋ ಬಾಗಿಲಿಗೆ ಪತ್ರಿಕೆ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಅಂಗೈಯ ಕೆಳಗೆ ಅವಳ ಕಾಲು ಎದ್ದವು. ಅವಳು ಏಳಲಿಲ್ಲ, ಕಾಲು ಎದ್ದವು. ಅವಳ ಮುಖ ಇನ್ನೂ ನನ್ನ ಕಡೆಗೇ ಇತ್ತು. ಅವಳಿಗಿಂತ ಮುಂಚೆ ನಾನೇ ಕಿರುಚಿದೆ.

ತೋಳು ಹಿಡಿದುಕೊಂಡು ಜೊತೆಗೆ ನಡೆದೆ. ಪೇಟೆಯ ಮೆಟ್ಟಿಲು ಹತ್ತುವಾಗ ಹೆಂಗಸರು ತಂಬಿಗೆ ಹಿಡಿದು ಬಂದರು, ಅವಳ ಮುಂದೆ ನೀರು ಚಿಮುಕಿಸಿದರು. ಒಬ್ಬಳು ಅರಿಷಿಣ ಕುಂಕುಮ ತಂದು ಹಚ್ಚಲು ಕೈ ಮುಂದೆ ಮಾಡಿದಳು. ಇವಳಿಗೆ ಹೋಗಲು ಇಷ್ಟವಿಲ್ಲ ಎಂದು ನಾನು ಕೂಗಿದೆ. “ನಿಮಗ್ಯಾಕ್ರೀ ಹೊಟ್ಟಿ ಉರಿ? ಬೈದಿದ್ದು ಸಾಲಲಿಲ್ಲೇನು?” ಎಂದು ಯಾರೋ ಕೇಳಿದರು. ನನ್ನ ಜೋರುಬಾಯಿ ಜೀವಮಾನದಲ್ಲಿ ಮೊದಲ ಸಲ ಕೆಲಸಕ್ಕೆ ಬರಲಿಲ್ಲ.

ಮೆಟ್ಟಿಲ ಮೇಲಿನ ಮನೆ ನಿವೃತ್ತ ಮಾಸ್ತರ ಶಾಂತವೀರಪ್ಪನವರದು. ಎಲ್ಲಕ್ಕಿಂತ ಉದ್ದದ ಪತ್ರ ಅವರದೇ. ಪತ್ರಿಕೆಯನ್ನು ಕೈಯಲ್ಲೇ ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು. ದಾಕ್ಷಾಯಣಿ ನಡೆಯುತ್ತಲೇ ಅವರ ಕಡೆ ಕುತ್ತಿಗೆ ತಿರುಗಿಸಿದಳು.

“ಮಾಸ್ತರ, ನೀವು ಬರದೀರಲ್ಲ ಆ ಚಿಲಕಾ, ಅದು ಹೊರಗಿನ ಚಿಲಕಾರಿ. ನಾ ಒಳಗಿದ್ದೆ.”

ಮಾಸ್ತರರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾವು ಹತ್ತು ಹೆಜ್ಜೆ ದಾಟಿದ್ದೆವು. ಹಿಂತಿರುಗಿ ನೋಡಿದರೆ ಅವರು ಪತ್ರಿಕೆಯನ್ನು ಕಟ್ಟೆಯ ಮೇಲೆ ಬಿಟ್ಟು, ಕೋಲೂ ಇಲ್ಲದೆ ನಮ್ಮ ಹಿಂದೆ ಬರುತ್ತಿದ್ದರು. ಅವಳಿಗಾಗಿ ಬಂದವರು ಅವರೊಬ್ಬರೇ. ಉಳಿದವರು ನೀರು ಚಿಮುಕಿಸುತ್ತ ಹಾಡು ಗುನುಗುತ್ತ ಬಂದರು.

ಸುಣ್ಣದ ಓಣಿಯಲ್ಲಿ ಇಂದುಧರನ ಮನೆಯ ಬಾಗಿಲು ತೆರೆದಿತ್ತು. ಅವನು ಹೊಸ್ತಿಲ ಒಳಗೆ ನಿಂತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾಟಕವೆಂದು ಹೇಳಲು ನನಗೆ ಆಸೆ, ಆದರೆ ಅದು ನಾಟಕವಾಗಿರಲಿಲ್ಲ. ದಾಕ್ಷಾಯಣಿಯ ಕಾಲು ಹೊಸ್ತಿಲಿಗೆ ಬಂದು ನಿಂತವು. ಅವಳ ಮೈಯೆಲ್ಲ ಬೆವರು. ಓಣಿ ತುಂಬ ಜನ ನಿಂತರು. ಅವನು ಕೈ ಚಾಚಿದ. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಅವಳ ತೋಳು ನನ್ನ ಹಿಡಿತದಿಂದ ಮೆಲ್ಲಗೆ ಸಡಿಲವಾಗುತ್ತಿರುವುದು ನನಗೆ ಗೊತ್ತಾಯಿತು. ಮುಗಿಯಿತು ಎಂದುಕೊಂಡೆ.

ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು. ಚಾಚಿದ ಕೈ ಹಾಗೇ ಕೆಳಗಿಳಿಯಿತು.

“ಅಕ್ಕೋರ, ನೀವೂ ಬಂದೀರಿ,” ಎಂದ. “ಒಂದ ಮಾತು ಕೇಳ್ಲೇನ್ರಿ? ಮೂವತ್ತೊಂದ ಮಂದಿ ಬರದಾರ. ಅವರಿಗೆ ಏನ ತಿಳೀತದ್ರಿ? ಕಿವಿ ಇರೋರು ಊರಾಗ ನೀವೊಬ್ರ. ಖರೇ ಹೇಳ್ರಿ. ಭಾವ ಇಲ್ಲೇನ್ರಿ ಅದರಾಗ?”

ಎಲ್ಲರೂ ನನ್ನ ಕಡೆ ತಿರುಗಿದರು. ಅವನ ಮುಖ ನೋಡಿದೆ. ಆ ಮುಖದಲ್ಲಿ ಇದ್ದ ಹಸಿವನ್ನು ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳಲ್ಲಿ ಮಾತ್ರ ಕಂಡಿದ್ದೆ. ಬಾಯಿಮಾತಿಗೆ ನಮ್ಮೂರಲ್ಲಿ ಯಾರ ಕಾಲೂ ಕದಲುವುದಿಲ್ಲ. ಜೊತೆಗೆ ನಾನು ಬರೆದ ಸುಳ್ಳು ಒಂದು ವಾರದಿಂದ ನನ್ನನ್ನು ತಿನ್ನುತ್ತಿತ್ತು. ಹೇಳಿದೆ. ಒಂದೊಂದೇ ಹಾಡು ತೆಗೆದುಕೊಂಡು, ಎಲ್ಲಿ ಏನು ಕೇಳಿತು, ಯಾವ ತಿರುವಿನಲ್ಲಿ ನನಗೆ ಏನಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನು ಹೊಸ್ತಿಲು ದಾಟಿ ಹೊರಗೆ ಬಂದು ನನ್ನ ಎದುರಿಗೆ ನಿಂತ. ನಾಲ್ಕನೆಯ ಹಾಡಿನಲ್ಲಿ ತಂಬೂರಿಯನ್ನು ಇನ್ನಷ್ಟು ಹಿಂದಕ್ಕೆ ಇಡಬೇಕಿತ್ತೇ ಎಂದು ಕೇಳಿದ. ಬೇಡ ಎಂದೆ. ಏಳನೆಯದನ್ನು ಮೊದಲು ಇಟ್ಟಿದ್ದರೆ ಎಂದು ಕೇಳಿದ. ಅವನ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ದಾಕ್ಷಾಯಣಿ ನಿಂತಿದ್ದಳು. ಅವಳು ಬಂದಿದ್ದಾಳೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಅದನ್ನು ಅವಳೂ ಕಂಡಳು. ಒಂದು ಸಲ ಅವನ ಬೆನ್ನನ್ನು ನೋಡಿದಳು, ಒಂದು ಸಲ ತೆರೆದ ಬಾಗಿಲಿನೊಳಗಿನ ಕತ್ತಲೆಯನ್ನು ನೋಡಿದಳು. ತನ್ನ ಬಲಗಾಲನ್ನು ಕೈಯಿಂದ ಹಿಡಿದು, ಕೆಸರಿನಿಂದ ಕೀಳುವ ಹಾಗೆ ಹಿಂದಕ್ಕೆ ಎತ್ತಿಟ್ಟಳು. ಆಮೇಲೆ ಎಡಗಾಲು. ಶಾಂತವೀರಪ್ಪ ಮಾಸ್ತರರು ಜನರನ್ನು ಸರಿಸಿ ದಾರಿ ಬಿಡಿಸಿದರು. ಅವಳು ಓಣಿಯ ಇಳಿಜಾರಿನಲ್ಲಿ ನಡೆದು ಹೋದಳು. ನೀರು ಚಿಮುಕಿಸಿದ್ದ ಹೆಂಗಸರು ಖಾಲಿ ತಂಬಿಗೆ ಹಿಡಿದು ನಿಂತಿದ್ದರು.

ಇಂದುಧರ ನನ್ನ ಎರಡೂ ಕೈ ಹಿಡಿದುಕೊಂಡ. “ಇದನ್ನೆಲ್ಲಾ ಬರೀರಿ ಅಕ್ಕೋರ. ಬರುವ ಗುರುವಾರ ಹಾಕ್ರಿ.”

“ಬರಿಯಂಗಿಲ್ಲಪಾ,” ಎಂದೆ. “ಎಂದೂ ಬರಿಯಂಗಿಲ್ಲ.” ಕೈ ಬಿಡಿಸಿಕೊಂಡು ನಾನೂ ಹೊರಟೆ. “ಎಲ್ಲಾ ಹೇಳಿ, ಹಿಂಗ ನಡುದಾರ್ಯಾಗ ಬಿಟ್ಟು ಹೊಂಟ್ರ್ಯಾ?” ಎಂದು ಅವನು ಹಿಂದಿನಿಂದ ಕೇಳಿದ. ಆ ದನಿ ಕೇಳಿ ಮರುಕವೂ ಆಯಿತು. ನಾನು ತಿರುಗಿ ನೋಡಲಿಲ್ಲ.

ಆಮೇಲೆ ಇನ್ನೂ ಎರಡು ಗುರುವಾರ ಪತ್ರಗಳು ಅಚ್ಚಾದವು. ದಾಕ್ಷಾಯಣಿಯ ಕಾಲು ಎದ್ದವು, ಹೊಸ್ತಿಲವರೆಗೆ ಹೋದವು, ಅವಳು ತಿರುಗಿ ಬಂದಳು. ಮಾಸ್ತರರು ಎರಡೂ ಸಲ ಜೊತೆಗೆ ನಡೆದರು. ಬಾಗಿಲು ಮುಚ್ಚಿತ್ತು, ಒಳಗೆ ಅವನು ಏನೋ ಹಾಡಿಕೊಳ್ಳುತ್ತಿದ್ದ, ಇವಳು ಬಂದದ್ದು ಅವನಿಗೆ ಗೊತ್ತೂ ಆಗಲಿಲ್ಲ. ನಾನು ಸುಳ್ಳು ವಿಮರ್ಶೆ ಬರೆದದ್ದಕ್ಕೆ ಬಸಲಿಂಗಯ್ಯನವರು ನನ್ನನ್ನು ಕೆಲಸದಿಂದ ಬಿಡಿಸಿ, ನನ್ನ ಹಳೆಯ ಶಿಷ್ಯೆ ಇಂದ್ರಾಣಿಯನ್ನು ತೆಗೆದುಕೊಂಡರು. ಪರವಾಗಿಲ್ಲ ಎಂಬ ಶಬ್ದವನ್ನು ಅವಳಿಗೆ ಕಲಿಸಲಿಲ್ಲವಂತೆ. ಹೋಗಲಿ ಬಿಡು, ಪೀಡೆ ಕಳೆಯಿತು ಎಂದು ತಿಂಗಳುಗಟ್ಟಲೆ ಆರಾಮಾಗಿದ್ದೆ.

ಹೋದ ಶುಕ್ರವಾರ ಇಂದುಧರನ ಎರಡನೆಯ ಸಿ.ಡಿ. ಬಂದಿದೆ. ಈ ಸಲ ಏಳು ಹಾಡು. ನನಗೆ ಅವನು ಕೊಡಲಿಲ್ಲ, ದಾಕ್ಷಾಯಣಿಯೇ ಅಂಗಡಿಯಿಂದ ಕೊಂಡು ತಂದಳು. ಇಬ್ಬರೂ ಕೂತು ಕೇಳಿದೆವು. ಮೊದಲನೆಯ ಹಾಡಿನಲ್ಲಿ ಒಬ್ಬರು ಬಾಗಿಲಿಗೆ ಬರುತ್ತಾರೆ. ಎರಡನೆಯದರಲ್ಲಿ ಅವನ ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಓದಿ ಹೇಳುತ್ತಾರೆ, ಜಗತ್ತಿನಲ್ಲಿ ಬೇರೆ ಯಾರೂ ಹೇಳದ ಹಾಗೆ. ಮೂರನೆಯದರಲ್ಲಿ ಕೈ ಬಿಡಿಸಿಕೊಂಡು ಇಳಿಜಾರಿನಲ್ಲಿ ಹೊರಟುಹೋಗುತ್ತಾರೆ, ಅವರ ತಲೆ ನರೆತಿದೆ. ನಾಲ್ಕನೆಯದು ಶುರುವಾಗುವ ಮೊದಲೇ ದಾಕ್ಷಾಯಣಿ ಎದ್ದು ಅದನ್ನು ನಿಲ್ಲಿಸಿದಳು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನಗೆ ಅರವತ್ತೆರಡು ವರ್ಷ. ಮದುವೆಯಾದವಳಲ್ಲ. ನನ್ನ ಮೇಲೆ ಯಾರಾದರೂ ಹಾಡು ಕಟ್ಟುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಸೋಮವಾರ ನಾಚಿಕೆ ಬಿಟ್ಟು ಇಂದ್ರಾಣಿಯ ಮನೆಗೆ ಹೋದೆ. ಪರವಾಗಿಲ್ಲ ಎಂದು ಬರೆ, ಸಾಕು ಎಂದು ಬೇಡಿಕೊಂಡೆ. ಆ ಹುಡುಗಿ ನನಗೆ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತಳು. ಶಾಲೆಯಲ್ಲಿ ಕೂರುತ್ತಿದ್ದ ಹಾಗೇ ಬೆನ್ನು ನೆಟ್ಟಗಿತ್ತು.

“ಕೇಳಿದ್ದನ್ನ ಕೇಳಿದಂಗ ಹೇಳ್ಬೇಕು ಅಂತ ನೀವs ಬೆತ್ತಾ ಹಿಡದು ಕಲಿಸೀರಲ್ರೀ ಅಕ್ಕೋರ,” ಎಂದಳು. “ನಾ ನಿನ್ನೇನ ಬರದು ಕೊಟ್ಟೀನ್ರಿ.” ಏನು ಬರೆದೆ ಎಂದು ನಾನು ಕೇಳಲಿಲ್ಲ. ಅವಳ ಕಣ್ಣು ಅತ್ತು ಊದಿಕೊಂಡಿದ್ದವು.

ಇವತ್ತು ಬುಧವಾರ. ಇದನ್ನು ಬರೆದು ನಾಳೆಯ ಪತ್ರಿಕೆಗೆ ಕೊಡೋಣ ಎಂದು ಬೆಳಗಿನಿಂದ ಕೂತಿದ್ದೇನೆ, ಆದರೆ ಜಾಗವಿಲ್ಲವಂತೆ. ವಿಮರ್ಶೆಯೇ ಎರಡು ಪುಟ ಇದೆಯಂತೆ. ದಾಕ್ಷಾಯಣಿ ಅಂಗಡಿಗೆ ರಜೆ ಹಾಕಿ ಬಂದಿದ್ದಾಳೆ. “ಬಾಗಿಲ ತನಕಾ ನಾ ಬರ್ತೀನ್ರಿ,” ಎಂದಿದ್ದಾಳೆ. “ತಿರುಗೂ ಮುಂದ ಬಲಗಾಲು ಮೊದಲ ಎತ್ರಿ. ಎಡಗಾಲಿಗಿಂತ ಅದು ಹಗುರ ಬರ್ತದ.” ನಾನು ಹೂಂ ಎಂದಿದ್ದೇನೆ. ಅವಳಿಗೆ ಒಂದು ಮಾತು ಹೇಳಿಲ್ಲ. ಅವಳು ನೀರು ತರಲು ಹೋದಾಗ ಉಳಿದ ನಾಲ್ಕು ಹಾಡುಗಳನ್ನೂ ನಾನು ಕೇಳಿದೆ. ಕೇಳಿ ಮುಗಿದಾಗ ಬಾಗಿಲ ಬಳಿ ನಿಂತಿದ್ದೆ, ಚಪ್ಪಲಿ ಹಾಕಿಕೊಂಡಿದ್ದೆ. ಪತ್ರಿಕೆ ಬರಲು ಇನ್ನೂ ಒಂದು ದಿನವಿತ್ತು.